ಎರಡು ರೆಕ್ಕೆಯ ಸೇತುವೆ

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಬೆಳಗಿನ ಬಿಸಿಲು ಹೊಳೆಯ ನೀರಿನ ಮೇಲೆ ಇನ್ನೂ ಸರಿಯಾಗಿ ಬಿದ್ದಿರಲಿಲ್ಲ. ಅಂಥ ಹೊತ್ತಿನಲ್ಲಿ ಆಚೆ ದಂಡೆಯ ಸಿಪಾಯಿಯೊಬ್ಬ ಒಂದು ಕುರ್ಚಿ ತಂದು ಸೇತುವೆಯ ಬುಡದಲ್ಲಿ ಹಾಕಿಕೊಂಡು ಕೂತ. ಯುದ್ಧ ಶುರುವಾದದ್ದು ಅಲ್ಲಿಂದ ಎಂದು ಗಾಲಿಮಾವ ಇರುವವರೆಗೂ ಹೇಳುತ್ತಿದ್ದ. ಓದಿದವರು ಬೇರೆ ಬೇರೆ ಕಾರಣ ಹೇಳುತ್ತಾರೆ, ಅವರದೂ ಸುಳ್ಳಲ್ಲ. ಆದರೆ ಇವನ ಕಣ್ಣಿಗೆ ಮೊದಲು ಬಿದ್ದದ್ದು ಕುರ್ಚಿ.

ಆ ಹೊಳೆಯೇ ಎರಡು ದೇಶಗಳ ಗಡಿ. ಮೇಲಿನ ಸೇತುವೆ ನಡುವೆ ಸೀಳಿದ್ದು, ಎರಡು ರೆಕ್ಕೆ. ದೊಡ್ಡ ದೋಣಿ ಬಂದಾಗ ಈಚೆಯ ರೆಕ್ಕೆಯನ್ನು ಈಚೆಯವರು, ಆಚೆಯದನ್ನು ಆಚೆಯವರು ಗಾಲಿ ತಿರುಗಿಸಿ ಎತ್ತಬೇಕು, ದೋಣಿ ದಾಟಿದ ಮೇಲೆ ಇಳಿಸಬೇಕು. ಈಚೆಯ ಗಾಲಿ ಅವನದು, ಅದಕ್ಕೇ ಊರಿಗೆಲ್ಲ ಅವನು ಗಾಲಿಮಾವ. ಆಚೆಯ ಗಾಲಿ ಅವನ ಬೀಗರದು. ಮಗಳನ್ನು ಕೊಟ್ಟ ಮನೆ. ಮಾತುಕತೆಯೆಲ್ಲ ನೀರಿನ ಮೇಲೆಯೇ, ಗಂಟಲು ಹರಿಯುವಂತೆ.

"ಏನ್ ಬೀಗರೇ, ಗಾಲಿ ತಿರುಗ್ತಾ ಇದೆಯೋ, ಇಲ್ಲ ನಿಮ್ ತಲೆ ತಿರುಗ್ತಾ ಇದೆಯೋ?"

"ನಿಮ್ ಮಗಳ ಕೈ ಅಡುಗೆ ತಿಂದೂ ನೆಟ್ಟಗೆ ನಿಂತಿದೀನಲ್ಲ, ಅದಕ್ಕೆ ಸಂತೋಷ ಪಡಿ!"

ಕೊಡುಕೊಳ್ಳುವುದೂ ಇತ್ತು. ಕೀಲೆಣ್ಣೆ ಸಿಗುವುದು ಈಚೆ ದಂಡೆಯಲ್ಲಿ, ಗಟ್ಟಿ ಹಗ್ಗ ಸಿಗುವುದು ಆಚೆ. ಇವನು ಡಬ್ಬಿ ತುಂಬಿಸಿ ಕಳಿಸುತ್ತಿದ್ದ, ಅವರು ಹಗ್ಗದ ಸುರುಳಿ ಕಳಿಸುತ್ತಿದ್ದರು. ಅಪ್ಪಂದಿರ ಕಾಲದಿಂದ ನಡೆದು ಬಂದದ್ದು, ಯಾರೂ ಯಾರನ್ನೂ ಕೇಳಿ ಮಾಡಿದ್ದಲ್ಲ.

ಕುರ್ಚಿ ಬಂದ ಮರುದಿನ ಈಚೆಯವರೂ ಒಂದು ಕುರ್ಚಿ ಹಾಕಿದರು, ಮೇಲೊಂದು ಕೊಡೆ ಬಿಚ್ಚಿದರು. ಅವರು ಮೇಜು ತಂದು ದುರ್ಬೀನು ಇಟ್ಟರು. ಇವರು ಅಟ್ಟಣೆ ಕಟ್ಟಿ ಅದರ ಮೇಲೆ ದುರ್ಬೀನು ಇಟ್ಟರು. ಆಗ ಬೀಗರಿಬ್ಬರಿಗೂ ನಗು.

"ನಿಮ್ಮೋರು ನಮ್ ಮನೆ ಒಲೆ ಮೇಲೆ ಏನಿದೆ ಅಂತ ನೋಡ್ತಾ ಇದಾರಂತೆ!"

"ನೋಡ್ಲಿ ಬಿಡಿ, ಉಪ್ಪು ಕಮ್ಮಿಯಾದ್ರೆ ಹೇಳ್ತಾರೆ!"

ಮರಳ ಚೀಲ ಬಂದವು, ಫಿರಂಗಿ ಬಂದವು. ನಗು ನಿಂತಿತು. ಈ ದೇಶದ ಬೆನ್ನಿಗೆ ಒಂದು ದೊಡ್ಡ ದೇಶ ನಿಂತಿತ್ತು, ಆ ದೇಶದ ಬೆನ್ನಿಗೆ ಇನ್ನೊಂದು. ಆ ದೊಡ್ಡವೆರಡಕ್ಕೂ ದೂರದ ಸಮುದ್ರದಲ್ಲಿ ಯಾರ ಹಡಗು ಹೆಚ್ಚು, ಯಾವ ಬಂದರು ಯಾರ ಕೈಯಲ್ಲಿರಬೇಕು ಎಂದು ಹಳೆಯ ಪೈಪೋಟಿ. ಆ ಸಮುದ್ರವನ್ನು ಈ ಊರಿನವರು ಕಂಡವರೇ ಅಲ್ಲ. ಆದರೂ ದಿನಸಿ ಅಂಗಡಿಯ ಮುಂದೆ ನಿಂತವರು ತಮ್ಮ ಹೊಲವನ್ನೇ ಒತ್ತುವರಿ ಮಾಡಿದ ಹಾಗೆ ಕೂಗಾಡುತ್ತಿದ್ದರು. ಗಾಲಿಮಾವ ಕೇಳಿಸಿಕೊಂಡು ಸುಮ್ಮನೆ ಬರುತ್ತಿದ್ದ. ಅವನ ತಲೆಯಲ್ಲಿದ್ದದ್ದು ಒಂದೇ: ಮಗಳಿಗೆ ತುಂಬು ತಿಂಗಳು, ಹೆರಿಗೆಗೆ ಮನೆಗೆ ಬರಬೇಕು.

ಒಂದು ದಿನ ಈಚೆಯ ಕಾವಲಿನ ಅಧಿಕಾರಿ ಗಾಲಿಮನೆಗೆ ಬಂದ. ಮೀಸೆ ಸರಿಯಾಗಿ ಬಲಿಯದ ಹುಡುಗ, ಮಾತು ಮೆತ್ತಗೆ.

"ಮಾವ, ಇನ್ನು ಮೇಲೆ ಕೀಲೆಣ್ಣೆ ಆಚೆಗೆ ಕಳಿಸೋ ಹಾಗಿಲ್ಲ. ಮೇಲಿಂದ ಅಪ್ಪಣೆ."

"ಅದು ಸೇತುವೆಗೆ ಹಾಕೋದು ಸ್ವಾಮಿ, ಅವರೇನು ಕುಡಿಯೋದಿಲ್ಲ."

"ಫಿರಂಗಿ ಚಕ್ರಕ್ಕೂ ಹಾಕ್ತಾರಂತೆ."

ಗಾಲಿಮಾವ ತಲೆ ಆಡಿಸಿದ. ಆಚೆಯಿಂದ ಹಗ್ಗ ಬರುವುದೂ ನಿಂತಿತು. ಬೇಸಿಗೆ ಬಲಿತಂತೆ ಆಚೆಯ ಗಾಲಿ ತಿರುಗುವಾಗ ಕಿರುಗುಟ್ಟುವುದು ಈ ದಂಡೆಗೆ ಕೇಳತೊಡಗಿತು. ಕೇಳಿದಾಗಲೆಲ್ಲ ಅವನು ಹಲ್ಲು ಕಚ್ಚುತ್ತಿದ್ದ.

ಹೆಂಗಸರನ್ನು ದಾಟಿಸಲು ಆಗಿನ್ನೂ ಅಡ್ಡಿ ಇರಲಿಲ್ಲ. ಶನಿವಾರ ಮಧ್ಯಾಹ್ನ ಮಗಳು ಬರುವುದೆಂದು ಗೊತ್ತಾಯಿತು. ಹೆಂಡತಿ ಒಳಕೋಣೆ ಗುಡಿಸಿ, ಹಳೆಯ ಬಟ್ಟೆಗಳನ್ನು ಕುದಿಸಿ ಒಣಗಿಸಿ ಇಟ್ಟಳು. ಆ ಮಧ್ಯಾಹ್ನ ಕಲ್ಲಿದ್ದಲಿನ ದೋಣಿಯೊಂದು ಬಂತು. ಇಬ್ಬರೂ ರೆಕ್ಕೆ ಎತ್ತಿದರು. ಆಚೆಯ ದಂಡೆಯಲ್ಲಿ ಮಗಳು ಗಂಟು ಹಿಡಿದು, ಗಂಡನ ಪಕ್ಕದಲ್ಲಿ ಸೇತುವೆ ಇಳಿಯುವುದನ್ನೇ ಕಾಯುತ್ತ ನಿಂತಿದ್ದಳು.

ದೋಣಿ ದಾಟಿತು. ಇವನ ರೆಕ್ಕೆ ಇಳಿಯಿತು. ಆಚೆಯದು ಅರ್ಧಕ್ಕೆ ಬಂದು ಕಿರ್ರೆಂದು ನಿಂತೇಬಿಟ್ಟಿತು. ಬೀಗರು ಗಾಲಿಗೆ ಎದೆ ಕೊಟ್ಟರು, ಅಳಿಯ ಓಡಿ ಹೋಗಿ ಕೈ ಹಾಕಿದ. ಅಲುಗಲಿಲ್ಲ.

ಗಾಲಿಯವರಲ್ಲಿ ಒಂದು ಕಟ್ಟಳೆ ಇತ್ತು. ಒಂದು ರೆಕ್ಕೆ ಮೇಲೆ ಸಿಕ್ಕಿಕೊಂಡರೆ ಇನ್ನೊಂದನ್ನು ಕೆಳಗೆ ಬಿಡಬಾರದು, ಅದನ್ನೂ ಎತ್ತಿ ನಿಲ್ಲಿಸಬೇಕು. ಅವನ ಅಪ್ಪನ ಕಾಲದಲ್ಲಿ ಹಾಗೆ ಬಿಟ್ಟಾಗ, ಸೇತುವೆ ಸರಿಯಿದೆ ಎಂದುಕೊಂಡು ಬಂದ ಗಾಡಿಯೊಂದು ಅರ್ಧದಾರಿಯಲ್ಲಿ ಹೊಳೆಗೆ ಬಿದ್ದು ತಾಯಿಮಕ್ಕಳು ಹೋಗಿದ್ದರು. ಗಾಲಿಮಾವ ಯೋಚಿಸಲಿಲ್ಲ. ಯೋಚಿಸುವ ಕೆಲಸವೂ ಅದಾಗಿರಲಿಲ್ಲ. ಕೈ ತಾನಾಗಿ ಗಾಲಿಗೆ ಹೋಯಿತು. ರೆಕ್ಕೆ ಮತ್ತೆ ಮೇಲೆದ್ದಿತು.

ಆಚೆಯ ಸಿಪಾಯಿಗಳಿಗೆ ಕಂಡದ್ದು ಇಷ್ಟು: ಇಳಿಸಿದ ಸೇತುವೆಯನ್ನು ಈಚೆಯವರು ಮತ್ತೆ ಎತ್ತಿಬಿಟ್ಟರು. ಈಚೆಯ ಅಟ್ಟಣೆಯವರಿಗೆ ಕಂಡದ್ದು: ಆಚೆಯವರು ಇಳಿಸಲೇ ಇಲ್ಲ. ಎರಡೂ ಕಡೆ ಕಹಳೆ ಕೂಗಿತು. ಎರಡೂ ಕಡೆ ಫೋನು ತಿರುಗಿದವು. ಮಗಳನ್ನು ಯಾರೋ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡು ಹೋದರು.

ಗಾಲಿಮಾವ ಅಧಿಕಾರಿಯ ಕೋಣೆಗೆ ಓಡಿದ.

"ಸ್ವಾಮಿ, ಕೀಲು ಒಣಗಿದೆ, ಅಷ್ಟೇ. ಒಂದು ಡಬ್ಬಿ ಎಣ್ಣೆ ಹೋದ್ರೆ ಇಳಿಯುತ್ತೆ."

"ಗೊತ್ತು ಮಾವ. ನನಗೂ ಕಿವಿ ಇದೆ."

"ಹಾಗಾದ್ರೆ ಮೇಲಿನೋರಿಗೆ ಹೇಳಿ!"

"ಹೇಳಿದೆ. ಮೊದಲು ಅವರು ಸೇತುವೆ ಇಳಿಸಲಿಲ್ಲ ಅಂದೆ, ಆಮೇಲೆ ಕೀಲು ಒಣಗಿದೆ ಅಂದೆ. ಮೊದಲನೇದು ಆಗ್ಲೇ ಅವರಿಗಿಂತ ಮೇಲಿನೋರಿಗೆ ಹೋಗ್ಬಿಟ್ಟಿತ್ತು. ಈಗ ನನ್ನನ್ನೇ ಕೇಳ್ತಾರೆ, ನೀನು ಅವರ ಪರ ಮಾತಾಡ್ತೀಯಾ ಅಂತ."

"ನನ್ ರೆಕ್ಕೆಯಾದ್ರೂ ಇಳಿಸ್ತೀನಿ, ಆಚೆಯೋರ ಅನುಮಾನ ಹೋಗ್ಲಿ."

"ಶತ್ರುಗಳಿಗೆ ದಾರಿ ಬಿಟ್ಟ ಅಂತ ನಿಮ್ಮನ್ನ ಕಟ್ಟಿಹಾಕ್ತಾರೆ. ಇಳಿಸೋಕೆ ಬಿಟ್ಟೆ ಅಂತ ನನ್ನನ್ನೂ." ಹುಡುಗ ತಲೆ ತಗ್ಗಿಸಿದ. "ನನ್ ಕೈಲಿ ಏನಿದೆ ಹೇಳಿ ಮಾವ?"

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳೂ ದಂಡೆಯಿಂದ ಎಲ್ಲ ನೋಡಿದ್ದಳು.

"ನಿಮ್ ಕೈಯಾರೆ ಎತ್ತಿದ್ರಲ್ರೀ."

"ಎತ್ತಬೇಕಾಗಿತ್ತು ಕಣೇ."

"ಮಗಳು ನಿಂತಿದ್ಲು."

"ಕಾಣಿಸ್ತು."

"ಮೀನಿನವನ ದೋಣೀಲಿ ಹೋಗಿ ಕರ್ಕೊಂಡು ಬನ್ನಿ."

"ದೋಣಿಗಳನ್ನೆಲ್ಲ ದಂಡೆಗೆಳೆದು ಸರಪಳಿ ಹಾಕಿದಾರೆ."

ಅವಳು ಒಳಗೆ ಹೋಗಿ ಒಣಗಿಸಿಟ್ಟ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಿಸತೊಡಗಿದಳು. ಬೈದಿದ್ದರೆ ವಾಸಿಯಿತ್ತು ಎಂದು ಅವನಿಗನ್ನಿಸಿತು.

ಭಾನುವಾರ ಈ ದೇಶ ಆ ದೇಶಕ್ಕೆ ಗಡುವು ಕೊಟ್ಟಿತು. ಸೋಮವಾರ ಬೆನ್ನಿಗಿದ್ದ ದೊಡ್ಡವು ಒಂದಕ್ಕೊಂದು ಗಡುವು ಕೊಟ್ಟವು. ಅವುಗಳ ನಂಟಿನ ದೇಶಗಳು, ಆ ನಂಟಿನವರ ನಂಟಿನವು, ಮಾತು ಕೊಟ್ಟಿದ್ದೇವೆ ಎಂದು ಒಂದೊಂದಾಗಿ ಎದ್ದು ನಿಂತವು. ಅಂಗಡಿಯ ರೇಡಿಯೋದಲ್ಲಿ ಬಂದ ಹೆಸರುಗಳಲ್ಲಿ ಅರ್ಧವನ್ನು ಯಾರೂ ಕೇಳಿರಲಿಲ್ಲ. ಮೊನ್ನೆ ಕೂಗಾಡಿದವರು ಈಗ ಪಿಸುಗುಟ್ಟುತ್ತಿದ್ದರು. ಸೇತುವೆ ಮಾತ್ರ ಎರಡು ಕೈ ಎತ್ತಿ ನಿಂತವನ ಹಾಗೆ ನಿಂತೇ ಇತ್ತು. ಅದರ ಬಗ್ಗೆ ರೇಡಿಯೋದಲ್ಲಿ ಒಂದು ಮಾತೂ ಬರಲಿಲ್ಲ.

ಗಾಲಿಮಾವ ದಿನವೂ ಗಾಲಿಮನೆಗೆ ಹೋಗಿ ಕೂರುತ್ತಿದ್ದ. ಮಾಡುವ ಕೆಲಸವಿರಲಿಲ್ಲ. ಮಂಗಳವಾರ ಅಳಿಯ ಸಿಪಾಯಿ ಬಟ್ಟೆ ತೊಟ್ಟು, ತನ್ನ ವಯಸ್ಸಿನವರ ಸಾಲಿನಲ್ಲಿ ಆಚೆ ದಂಡೆಯ ಮೇಲೆ ಸಾಗಿದ್ದು ಕಂಡಿತು. ಬುಧವಾರ ಆಚೆಯ ಮನೆಗಳಿಂದ ಪಾತ್ರೆಪಗಡ, ಹಾಸಿಗೆ ಹೊರಗೆ ಬಂದವು. ಊರು ಖಾಲಿ ಮಾಡಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಹೆಂಡತಿಯನ್ನೂ ಕರೆದುಕೊಂಡು ಬಂದ. ಆಚೆ ಒಂದು ಕೈಗಾಡಿ. ಅದರಲ್ಲಿ ಹಾಸಿಗೆಯ ಮೇಲೆ ಮಗಳು ಒರಗಿ ಕೂತಿದ್ದಳು. ಬೀಗಿತ್ತಿ ಅವಳ ಬೆನ್ನಿಗೆ ದಿಂಬು ಒತ್ತುತ್ತಿದ್ದಳು. ಬೀಗರು ಈ ಕಡೆ ತಿರುಗಿ ನೋಡಿದರು. ಗಾಲಿಮಾವ ಕೈ ಎತ್ತಲು ಹೋದ. ಪಕ್ಕದಲ್ಲಿದ್ದ ಅಧಿಕಾರಿ ಮೆಲ್ಲಗೆ ಅವನ ಮುಂಗೈ ಹಿಡಿದ.

"ಬೇಡ ಮಾವ. ಸನ್ನೆ ಅಂದ್ಕೊಂಡು ಗುಂಡು ಹಾರಿಸ್ತಾರೆ. ಅವರ ಮೇಲೋ, ನಿಮ್ ಮೇಲೋ, ಹೇಳೋಕಾಗಲ್ಲ."

ಬೀಗರು ಗಾಡಿಯ ಮೂಕಿ ಹಿಡಿದು ಎಳೆದರು, ಬೀಗಿತ್ತಿ ಹಿಂದಿನಿಂದ ನೂಕಿದಳು. ಮಗಳು ಹೊಳೆಯ ಕಡೆಗೇ ಮುಖ ಮಾಡಿ ಕೂತಿದ್ದರಿಂದ ಗಿರಣಿಯ ಗೋಡೆ ಅಡ್ಡ ಬರುವವರೆಗೂ ಕಾಣುತ್ತಲೇ ಇದ್ದಳು. ಬಿಸಿಲು ಏರುವ ಮುಂಚೆಯೇ ಮೂವರೂ ಹೋದರು. ಅಂದು ಗುರುವಾರ, ಸೇತುವೆ ಸಿಕ್ಕಿಕೊಂಡು ಐದೇ ದಿನ.