ಸಾಕು ಎಂಬ ಹೆಸರು ಅಳಿದ ವರ್ಷ

ಈ ಊರಿನಲ್ಲಿ ಉಸಿರಾಡುತ್ತಿರುವ ಒಂದು ಲಕ್ಷದ ನಲವತ್ತು ಸಾವಿರ ಜನಕ್ಕೂ ಹೆಸರಿಟ್ಟವನು ನಾನೊಬ್ಬನೇ. ನನಗಿಂತ ಮೊದಲು ಹುಟ್ಟಿದ ಮುದುಕರಿಗೂ ನಾನೇ ಇಟ್ಟದ್ದು. ಅದು ಹೇಗೆ ಎಂದು ಕೇಳುವವರಿಗೆ ಉತ್ತರ ಕೊಡುವಷ್ಟು ಪುರುಸೊತ್ತು ನನಗಿಲ್ಲ. ಹೆರಿಗೆ ಆಸ್ಪತ್ರೆ ನನ್ನ ಕಚೇರಿಗೆ ಎರಡು ಬೀದಿ ಆಚೆ. ಅಲ್ಲಿ ಕೂಸು ಕುಂಯ್ ಎಂದರೆ ಇಲ್ಲಿ ಕುರ್ಚಿಯಲ್ಲಿ ಕೂತೇ ಅದರ ಹೆಸರು, ಅದರ ಅಜ್ಜಿಯ ಹಟ, ಅದರ ಅಪ್ಪನ ಸೊಟ್ಟ ಮುಖ, ಮೂರನ್ನೂ ಹೇಳಬಲ್ಲೆ.

ಜನನ ನೋಂದಣಿಯ ಕಿಟಕಿಯ ಹಿಂದೆ ಕೂತು ಮೂವತ್ತೆರಡು ವರ್ಷವಾಯಿತು. ಜನ ನನ್ನನ್ನು ಹೆಸರಪ್ಪ ಎನ್ನುತ್ತಾರೆ. ಬೆನ್ನ ಹಿಂದೆ ಬೇರೆ ಏನೋ ಅನ್ನುತ್ತಾರಂತೆ. ಅನ್ನಲಿ, ಅವರ ಬಾಯಿ ಅವರದು.

ವರ್ಷದ ಕೊನೆಗೆ ನಾನೊಂದು ಕೆಲಸ ಮಾಡುತ್ತೇನೆ. ಯಾರೂ ಹೇಳಿದ್ದಲ್ಲ, ನನ್ನದೇ ಚಪಲ. ಆ ವರ್ಷ ಅತಿ ಹೆಚ್ಚು ಮಕ್ಕಳಿಗೆ ಇಟ್ಟ ಇಪ್ಪತ್ತು ಹೆಸರುಗಳನ್ನು ಎಣಿಸಿ, ಗಂಡಿಗೊಂದು ಹಾಳೆ, ಹೆಣ್ಣಿಗೊಂದು ಹಾಳೆ ಬರೆದು ಕಿಟಕಿಯ ಪಕ್ಕದ ಹಲಗೆಗೆ ಅಂಟಿಸುತ್ತೇನೆ. ನೀವು ಆ ಹಾಳೆಗಳಲ್ಲಿ ಬರೀ ಹೆಸರು ನೋಡುತ್ತೀರಿ. ನಾನು ಊರನ್ನೇ ನೋಡುತ್ತೇನೆ. ನಾನು ಕೆಲಸಕ್ಕೆ ಸೇರಿದಾಗ ಮೊದಲ ಹತ್ತೂ ಸತ್ತ ಅಜ್ಜಂದಿರ ಹೆಸರು. ಬಟ್ಟೆ ಗಿರಣಿ ಬಂತು, ಅದರ ಜೊತೆ ಹೊರಗಿನ ಜನ ಬಂದರು, ನಾಲಿಗೆ ತಿರುಗದ ಹೆಸರುಗಳು ಬಂದವು. "ಇದೆಂಥಾ ಹೆಸ್ರು, ಕೆಮ್ಮಿದಂಗಿದೆ" ಎಂದು ನಕ್ಕವರೇ ನಾಲ್ಕು ವರ್ಷಕ್ಕೆ ತಮ್ಮ ಮಕ್ಕಳಿಗೆ ಅದನ್ನೇ ಇಟ್ಟರು. ಗಿರಣಿಯ ಓಣಿಯಲ್ಲಿ ಯಾರು ಯಾರನ್ನು ಮದುವೆಯಾಗಲಿದ್ದಾರೆ ಎಂದು ಅವರ ಅಪ್ಪಂದಿರಿಗಿಂತ ಮೊದಲು ನನಗೆ ಗೊತ್ತಿತ್ತು. ಈಗ ಎಲ್ಲರಿಗೂ ಎರಡೇ ಅಕ್ಷರದ ಹೆಸರು ಬೇಕು. ಅರ್ಥ ಕೇಳಿದರೆ ಫೋನು ತೆಗೆಯುತ್ತಾರೆ.

ಆ ಹೆಣ್ಣುಮಕ್ಕಳ ಹಾಳೆಯಲ್ಲಿ ಒಂದು ಹೆಸರಿತ್ತು. ಅದಕ್ಕೂ ಎರಡೇ ಅಕ್ಷರ, ಅರ್ಥ ಮಾತ್ರ ಯಾರೂ ಕೇಳಬೇಕಿರಲಿಲ್ಲ. ಸಾಕು. ಗಂಡಿಗಾಗಿ ಕಾದ ಮನೆಯಲ್ಲಿ ಮೂರನೆಯದೋ ನಾಲ್ಕನೆಯದೋ ಹೆಣ್ಣಾದರೆ ಆ ಕೂಸಿನ ಕತ್ತಿಗೆ ಕಟ್ಟುವ ಹೆಸರು. ಹೆಣ್ಣು ಇನ್ನು ಬೇಡ ಎಂದು ವಿಧಿಗೆ ಕೊಟ್ಟ ನೋಟೀಸು. ಆ ನೋಟೀಸನ್ನು ಎಪ್ಪತ್ತು ವರ್ಷ ಹೊತ್ತು ತಿರುಗಬೇಕಾದವಳು ಮಾತ್ರ ಆ ಕೂಸು. ಪಡಿತರದ ಸಾಲಿನಲ್ಲಿ, ಶಾಲೆಯಲ್ಲಿ, ಗಂಡನ ಮನೆಯಲ್ಲಿ ಯಾರು ಕೂಗಿದರೂ ಅವಳಿಗೆ ಕೇಳುವುದು ಅದೇ: ನೀನು ಬೇಕಿರಲಿಲ್ಲ. ಇಟ್ಟವರು ಹಾಯಾಗಿ ಉಂಡು ಮಲಗುತ್ತಾರೆ. ನಿಮ್ಮ ಮನೆಯಲ್ಲೂ ಒಬ್ಬಳಿದ್ದಾಳೆ, ಮುಖ ತಿರುಗಿಸಬೇಡಿ. ನಿಮ್ಮ ಚಿಕ್ಕಮ್ಮನ ಹೆಸರು ನಾನು ಓದಿಲ್ಲವೇ?

ಆ ಹೆಸರನ್ನು ಈ ಊರಿನಿಂದ ಅಳಿಸಿದ ಗಂಡುಗಲಿ ನಾನು. ಎಂಟು ವರ್ಷದ ಹಿಂದೆ ಅದು ಹಲಗೆಯ ಮೇಲೆ ಮೂರನೇ ಸ್ಥಾನದಲ್ಲಿತ್ತು, ಅರವತ್ತೊಂದು ಕೂಸುಗಳು. ನಾನು ಕಿಟಕಿಯಿಂದ ಒಮ್ಮೆ ಕಣ್ಣು ಕೆಕ್ಕರಿಸಿ ನೋಡಿದೆ, ಅದು ನಲವತ್ತಕ್ಕೆ ಇಳಿಯಿತು. ಕೆಮ್ಮಿದೆ, ಹತ್ತೊಂಬತ್ತು. ಆಮೇಲೆ ಆರು. ಹೋದ ವರ್ಷ ಸೊನ್ನೆ! ಮುಖ್ಯಾಧಿಕಾರಿಯವರು ಸಭೆ ಕರೆದು ನನಗೆ ಶಾಲು ಹೊದಿಸಿದರು. ನನ್ನದೂ ಮೂರು ಹೆಣ್ಣೇ. ಮೂವರಿಗೂ ಎಂಥ ಹೆಸರಿಟ್ಟಿದ್ದೇನೆಂದರೆ, ಕವಿಗಳು ಎರವಲು ಕೇಳಲು ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ ಎಂದು ಆ ಸಭೆಯಲ್ಲೇ ಹೇಳಿದೆ. ಚಪ್ಪಾಳೆಗೆ ಛಾವಣಿಯ ಗಾರೆ ಉದುರಿತು.

ಈ ವರ್ಷ ಒಂದು ಬುಧವಾರ ಬೆಳಿಗ್ಗೆ ಬೇಕರಿಯವರ ಮನೆಯವರು ಬಂದರು. ಮುಂದೆ ಬೇಕರಿಯ ಅಜ್ಜಿ, ಹಿಂದೆ ತೋಳಿನ ತನಕ ಮೈದಾ ಮೆತ್ತಿಕೊಂಡ ಮಗ, ಅವನ ಹಿಂದೆ ಇಪ್ಪತ್ತು ದಿನದ ಕೂಸನ್ನು ಎದೆಗವಚಿಕೊಂಡ ಸೊಸೆ. ಸೊಸೆ ಬೇಕರಿಯ ಮಹಡಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಮೊದಲಿನ ಎರಡೂ ಹೆಣ್ಣು.

"ಬರಿಯಪ್ಪಾ," ಎಂದಳು ಅಜ್ಜಿ, ಕಿಟಕಿಯ ಕಟ್ಟೆಗೆ ಮೊಣಕೈ ಊರಿ. "ಸಾಕು ಅಂತ ಬರಿ."

"ಅಜ್ಜೀ, ಆ ಹೆಸರು ಈಗ ಯಾರೂ ಇಡಲ್ಲ. ಹಲಗೆ ನೋಡಿ."

"ಹಲಗೆ ನೋಡಿ ಹೆಸ್ರಿಡಕ್ಕೆ ನಾನೇನು ಬಸ್ಸಿಗೆ ಬಂದಿದ್ದೀನಾ? ನಮ್ಮತ್ತೆ ತಮ್ಮ ಮಗಳಿಗೆ ಇಟ್ರು. ಮುಂದಿನ ವರ್ಷನೇ ಗಂಡು ಹುಟ್ತು. ಅವನನ್ನೇ ನಾನು ಕಟ್ಕೊಂಡಿದ್ದು. ಆ ಹೆಸ್ರು ಇಲ್ದಿದ್ರೆ ಈ ದಢಿಯನೂ ಇರ್ತಿರ್ಲಿಲ್ಲ" ಎಂದು ಮಗನ ಪಕ್ಕೆಗೆ ತಿವಿದಳು. ಅವನು ನೆಲ ನೋಡಿ ಹಲ್ಲು ಕಿರಿದ.

ಆಗ ನಾನು ಎದ್ದು ನಿಂತೆ. ಒಂದೂಮುಕ್ಕಾಲು ಗಂಟೆ ಮಾತಾಡಿದೆ. ಪಕ್ಕದ ತೆರಿಗೆ ವಿಭಾಗದವರು ಲೇಖನಿ ಕೆಳಗಿಟ್ಟರು, ಬೀದಿಯಲ್ಲಿ ಬಸ್ಸು ನಿಂತಿತು. ಗಂಡೋ ಹೆಣ್ಣೋ ಆಗುವುದು ಅಪ್ಪನಿಂದ, ಅಕ್ಕನ ಹೆಸರಿನಿಂದಲ್ಲ, ನಿಮ್ಮತ್ತೆ ಆ ಮಗಳಿಗೆ ಏನೇ ಹೆಸರಿಟ್ಟಿದ್ದರೂ ನಿಮ್ಮ ಗಂಡ ಹುಟ್ಟುತ್ತಿದ್ದರು ಎಂದೆ. ನಿಮ್ಮನ್ನು ದಿನಕ್ಕೆ ನೂರು ಸಲ ಬೇಡ ಎಂಬ ಅರ್ಥದಲ್ಲಿ ಕೂಗಿದ್ದರೆ ಇವತ್ತು ಹೀಗೆ ಮೊಣಕೈ ಊರಿ ನಿಲ್ಲುವ ಧೈರ್ಯ ಇರುತ್ತಿತ್ತೇ ಎಂದೆ. ಅಜ್ಜಿಯ ಕಣ್ಣಿನಿಂದ ಎರಡು ಬಿಂದಿಗೆ ನೀರು ಹರಿಯಿತು.

"ಎಲ್ಲಾ ಆಯ್ತಾ?" ಎಂದಳು ಅಜ್ಜಿ. ಕಣ್ಣು ಒಣಗಿಯೇ ಇತ್ತು, ಒಪ್ಪಿಕೊಳ್ಳುತ್ತೇನೆ. "ನಿನಗೂ ಮೂರು ಹೆಣ್ಣಲ್ವಾ? ಮೂರನೆಯವಳ ಹೆಸ್ರೇನು ಹೇಳಪ್ಪಾ."

ಅಷ್ಟರಲ್ಲಿ ಬಾಗಿಲಿನಿಂದ ಆಸ್ಪತ್ರೆಯ ನರ್ಸು ಒಳಗೆ ಬಂದಳು. ಪ್ರತಿ ಬುಧವಾರ ವಾರದ ಹೆರಿಗೆ ಚೀಟಿಗಳನ್ನು ಎರಡು ಕಟ್ಟು ಮಾಡಿ ತರುವವಳು ಅವಳೇ: ಗಂಡಿನದೊಂದು, ಹೆಣ್ಣಿನದೊಂದು. ಅವಳು ನನ್ನ ಮೂರನೇ ಮಗಳು.

"ಬಾರಮ್ಮಾ ಸಿಸ್ಟರ್," ಎಂದಳು ಅಜ್ಜಿ. "ನಿಮ್ಮಪ್ಪನಿಗೆ ಯಾಕೋ ಬಾಯಿ ಕಟ್ಟಿದೆ. ನೀನೇ ಹೇಳು, ನಿನ್ನ ಹೆಸ್ರೇನು?"

ಮಗಳು ನನ್ನನ್ನು ನೋಡಿದಳು. "ಸಾಕು" ಎಂದಳು.

ತೆರಿಗೆ ವಿಭಾಗದಲ್ಲಿ ಯಾರೋ ಕಿಸಕ್ಕೆಂದರು.

"ಮರೀ, ಮನೇಲಿ ಮಾತಾಡೋಣ" ಎಂದೆ.

"ಮನೇಲಿ ಮರಿ. ಇಪ್ಪತ್ತೇಳು ವರ್ಷದಿಂದ ಮರಿ. ನೀವೇ ಇಟ್ಟ ಹೆಸರು ನಿಮ್ಮ ಬಾಯಲ್ಲೇ ಬರಲ್ವಲ್ಲಪ್ಪಾ. ನಾನು ಆಸ್ಪತ್ರೆಗೆ ಯಾಕೆ ಸೇರಿದ್ದು ಗೊತ್ತಾ? ಅಲ್ಲಿ ಎಲ್ರೂ ಸಿಸ್ಟರ್ ಅಂತಾರೆ. ಹೆಸ್ರು ಹಿಡಿದು ಯಾರೂ ಕೂಗಲ್ಲ."

"ಆದ್ರೆ ಆ ಹೆಸರನ್ನ ಊರಿಂದಲೇ ಓಡಿಸಿದ್ದೀನಲ್ಲ! ಹೋದ ವರ್ಷ ಸೊನ್ನೆ..."

ಅವಳು ಎರಡು ಕಟ್ಟನ್ನೂ ನನ್ನ ಮುಂದೆ ಪಟ್ ಎಂದು ಇಟ್ಟಳು. "ದಾರ ನೋಡಿ. ಎರಡಕ್ಕೂ ಒಂದೇ ಅಳತೆಗೆ ಕತ್ತರಿಸ್ತೀನಿ. ಗಂಡಿನ ಕಟ್ಟಿಗೆ ಗಂಟು ಹಾಕೋಕೆ ಸಾಲಲ್ಲ. ಹೆಣ್ಣಿನದಕ್ಕೆ ಗಂಟು ಹಾಕಿದ್ಮೇಲೂ ಗೇಣುದ್ದ ಬಾಲ ಉಳಿಯುತ್ತೆ. ಎಂಟು ವರ್ಷದಿಂದ ಆ ಬಾಲ ಬೆಳೀತಾನೇ ಇದೆ. ನೀವು ಇಪ್ಪತ್ತೇ ಹೆಸರು ಬರೀತೀರಿ, ಎರಡು ಹಾಳೆನೂ ಒಂದೇ ಉದ್ದ ಕಾಣುತ್ತೆ. ಒಂದು ಸಲನಾದ್ರೂ ತಲೆ ಎಣಿಸಿದ್ರಾ? ಹೋದ ವರ್ಷ ಗಂಡು ಸಾವಿರದ ನೂರು, ಹೆಣ್ಣು ಎಂಟುನೂರ ಇಪ್ಪತ್ತು. ಈಗ ಹೊಟ್ಟೆಯೊಳಗೇ ನೋಡಿಬಿಡ್ತಾರೆ. ಆ ಹೆಸರಿಡಿಸ್ಕೋಬೇಕಾದ ಮಕ್ಕಳೇ ಹುಟ್ತಾ ಇಲ್ಲ. ಅದಕ್ಕೆ ನಿಮಗೆ ಶಾಲು."

ತೆರಿಗೆ ವಿಭಾಗದಲ್ಲಿ ಯಾರೋ ಎದ್ದು ಆ ಕಟ್ಟುಗಳನ್ನು ಇಣುಕಿ ನೋಡಿದರು.

ಅಜ್ಜಿಗೆ ಅದೇ ಅಸ್ತ್ರವಾಯಿತು. "ಕೇಳಿದ್ಯಾ? ಊರವರೆಲ್ಲ ಹುಟ್ಟಕ್ಕೇ ಬಿಡಲ್ಲ. ನಾವು ಹೆತ್ತು ಇಟ್ಕೊಂಡಿದ್ದೀವಿ. ಒಂದು ಹೆಸ್ರಿಗೆ ಇಷ್ಟು ರಗಳೆನಾ?"

"ನೀವು ಇಟ್ಕೊಳ್ಳಲಿಲ್ಲ ಅತ್ತೆ."

ಸೊಸೆಯ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ತೆಳ್ಳಗಿತ್ತು, ಆದರೆ ನಡುಗಲಿಲ್ಲ.

"ಕರ್ಕೊಂಡು ಹೋಗಿದ್ರಿ. ನೀವೂ, ಇವರೂ. ಆ ಸ್ಕ್ಯಾನ್ ಕೋಣೆ ಬಾಗಿಲ ತನಕ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ, ಏಳಲಿಲ್ಲ. ನೀವು ಕೈ ಹಿಡಿದು ಎಳೆದ್ರಿ, ಬಳೆ ಒಡೀತು. ಆವತ್ತೂ ಬೇಡ ಅಂದೆ. ಇವತ್ತೂ ಬೇಡ ಅಂತೀನಿ. ಇವಳಿಗೆ ಆ ಹೆಸರು ಬೇಡ."

"ಬಾಯಿ ಮುಚ್ಚೇ! ಹೆತ್ತಿದ್ದು ಹೆಣ್ಣು, ಮೇಲೆ ಮಾತು ಬೇರೆ."

"ಹೆಣ್ಣೇ ಹೆತ್ತೆ. ನೀವೂ ಹೆಣ್ಣೇ, ನಾನೂ ಹೆಣ್ಣೇ. ಯಾರು ಯಾರಿಗೆ ಸಾಕಾಗಿರೋದು ಅತ್ತೆ?" ಅವಳು ಗಂಡನ ಕಡೆ ತಿರುಗಿದಳು. "ನೀವು ಹೇಳ್ರೀ. ಇವಳನ್ನ ಆ ಹೆಸರಿಂದ ಕೂಗ್ತೀರಾ? ಕೂಗಿ ನೋಡೋಣ, ಈಗ, ನನ್ನೆದುರಿಗೆ."

ಬೇಕರಿಯವನು ಮೈದಾ ಮೆತ್ತಿದ ಕೈಯಿಂದ ಮುಖ ಒರೆಸಿಕೊಂಡು ಇನ್ನೂ ಬಿಳಿಯಾದ.

ಇಲ್ಲಿಗೆ ನಿಲ್ಲಿಸಿದರೆ ನಾನು ವೀರನಾಗಿಯೇ ಉಳಿಯುತ್ತೇನೆ. ಆದರೆ ಮೇಜಿನ ಮೇಲೆ ನೋಂದಣಿ ಪುಸ್ತಕ ತೆರೆದೇ ಇತ್ತು, ಮಗಳು ಅದನ್ನು ನೋಡಿಬಿಟ್ಟಳು.

"ಅಪ್ಪಾ, ಇದೇನಿದು?"

ಹೇಳುತ್ತೇನೆ. ಆ ಒಂದೂಮುಕ್ಕಾಲು ಗಂಟೆಯ ಭಾಷಣವನ್ನು ನಾನು ಮಾಡಲೇ ಇಲ್ಲ. ಎರಡು ದಿನ ಬಿಟ್ಟು ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುವಾಗ ಹೊಳೆದದ್ದು ಅದು. ಆ ದಿನ ಅದರ ಜಾಗದಲ್ಲಿ ನಾನು ಹೇಳಿದ್ದು ಒಂದೇ ಮಾತು: "ಆಯ್ತಜ್ಜೀ, ದೊಡ್ಡವರು ಹೇಳ್ದಂಗೆ." ಎಂದೆ, ಬರೆದೆ. ಅಜ್ಜಿ ನನ್ನ ಮೂರನೆಯವಳ ಹೆಸರು ಕೇಳಿದ್ದು ನನ್ನನ್ನು ಹಂಗಿಸಲು ಅಲ್ಲ, ತನ್ನ ಕಡೆಯವನೆಂದು ನೆಚ್ಚಿ ಕೇಳಿದ್ದು. ಅವರೆಲ್ಲ ಮಾತಾಡುವಾಗ ಆ ಎರಡಕ್ಷರ ಪುಸ್ತಕದಲ್ಲಿ ಹಸಿಯಾಗಿ ಹೊಳೆಯುತ್ತಿತ್ತು.

ಸೊಸೆ ಕೂಸನ್ನು ನನ್ನ ಮಗಳ ತೋಳಿಗೆ ಕೊಟ್ಟಳು. ಕಿಟಕಿಯ ಸಂದಿನಲ್ಲಿ ಕೈ ತೂರಿಸಿ, ಸೂಜಿ ಚುಚ್ಚಿ ಗಟ್ಟಿಯಾದ ಹೆಬ್ಬೆರಳನ್ನು ಆ ಶಾಯಿಯ ಮೇಲೆ ಒತ್ತಿ, ಒಂದು ಸಲ ಉಜ್ಜಿದಳು. ಸರ್ಕಾರಿ ಪುಸ್ತಕ ಕೆಡಿಸಿದರೆ ಶಿಕ್ಷೆಯಾಗುತ್ತದೆ ಎಂದು ಗದರಿಸಲು ನನಗೆ ಅಧಿಕಾರವಿತ್ತು. ಲೇಖನಿಯ ಮುಚ್ಚಳ ಹಾಕಿದೆ.

"ಹೆಸರಿಡೋಕೆ ಒಂದು ವರ್ಷ ಟೈಮ್ ಇದೆ," ಎಂದಳು ನನ್ನ ಮಗಳು ಅವಳಿಗೆ, ಕೂಸನ್ನು ತೂಗುತ್ತಾ. "ಅಲ್ಲಿ ತನಕ ಆ ಜಾಗ ಖಾಲಿ ಇರಲಿ. ನಿಧಾನವಾಗಿ ಹುಡುಕಿ ಅಕ್ಕಾ. ಬೇಕು ಅನ್ನಿಸಿ ಇಡಿ."

ಅಜ್ಜಿ ಉಗುಳದಿದ್ದುದೇ ಹೆಚ್ಚು. ದುಡುದುಡು ಮೆಟ್ಟಿಲಿಳಿದು ಹೋದಳು. ಅವಳ ಮಗ ಬಾಗಿಲಲ್ಲಿ ನಿಂತು ಆ ಕಡೆ ಅಮ್ಮನನ್ನು, ಈ ಕಡೆ ಹೆಂಡತಿಯನ್ನು ನೋಡಿದ. ಕೊನೆಗೆ ಬಂದು ಕೂಸನ್ನು ಎತ್ತಿಕೊಂಡ. ಅದರ ಕೆನ್ನೆಗೆ ಮೈದಾ ಹತ್ತಿತು.

ಅವರು ಹೋದ ಮೇಲೆ ಮಗಳು ಎರಡು ಕಟ್ಟಿನ ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೊರಟಳು. ನಾನು ಅವಳನ್ನು ಕರೆಯಬೇಕಿತ್ತು. ಯಾವ ಹೆಸರಿನಿಂದ ಕರೆಯಲಿ?

ಆ ವಾರ ಹಲಗೆಯ ಎರಡೂ ಹಾಳೆ ಕಿತ್ತು, ಅಲ್ಲಿ ಎರಡೇ ಸಂಖ್ಯೆ ಅಂಟಿಸಿದೆ: ಸಾವಿರದ ನೂರು, ಎಂಟುನೂರ ಇಪ್ಪತ್ತು. ಮುಖ್ಯಾಧಿಕಾರಿಯವರು ತೆಗೆ ಎಂದಿದ್ದಾರೆ. ಇನ್ನೂ ತೆಗೆದಿಲ್ಲ. ಇದು ಜಂಬವಲ್ಲ, ಬಂದು ನೋಡಬಹುದು.

ಮೊದಲು ಹೇಳಿದ್ದು ಮಾತ್ರ ಶುದ್ಧ ಸುಳ್ಳು. ಊರಿಗೆಲ್ಲ ನಾನು ಹೆಸರಿಟ್ಟಿಲ್ಲ. ಅವರವರ ಮನೆಯವರು ಹೇಳಿದರು, ನಾನು ಬರೆದುಕೊಂಡೆ ಅಷ್ಟೇ. ನನ್ನ ಮೊದಲ ಇಬ್ಬರಿಗೂ ಅವರಮ್ಮನೇ ಇಟ್ಟಳು. ಮೂರನೆಯದು ಹುಟ್ಟಿದಾಗ ಅವಳಿಗೆ ಜ್ವರ, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕಿಟಕಿಯ ಆಚೆ ಹಟ ಹಿಡಿಯುವ ಅಜ್ಜಿಯೂ ಇರಲಿಲ್ಲ. ಕಚೇರಿಗೆ ಒಬ್ಬನೇ ಬಂದೆ, ಕುರ್ಚಿಯಲ್ಲಿ ಕೂತೆ, ಲೇಖನಿ ತೆಗೆದೆ. ಮೂವತ್ತೆರಡು ವರ್ಷದಲ್ಲಿ ನಾನೇ ಯೋಚಿಸಿ, ನಾನೇ ಇಟ್ಟ ಹೆಸರು ಅದೊಂದೇ.