ನೀರಿನಲ್ಲಿರುವ ಅಣ್ಣ

ಕೂಸಿಗೆ ಜ್ವರ ಬಂದು ಅಂದಿಗೆ ಮೂರನೆಯ ದಿನ. ಬೆಳಗಿನ ನಮಾಜು ಮುಗಿಸಿ ಕಹಾರ್ ಒಳಗೆ ಬಂದಾಗ ಮಗಳು ಜುಮ್ರಿಯಾ ರಾತ್ರಿ ಕೂತಿದ್ದ ಹಾಗೆಯೇ ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಇನ್ನೂ ನಲವತ್ತು ದಿನ ತುಂಬದ ಹೆಣ್ಣುಕೂಸು. ಅತ್ತಿದ್ದರೂ ಧೈರ್ಯವಿರುತ್ತಿತ್ತು, ಅದು ಅಳುವುದನ್ನೂ ಬಿಟ್ಟಿತ್ತು.

"ಹಾಲು ಕುಡೀತಾ?"

"ಬಾಯಿಗೆ ಇಟ್ಕೊಳತ್ತೆ, ಎಳೆಯಲ್ಲ. ಅಪ್ಪಾ, ನಾವು ಅಣ್ಣಂಗೆ ಊಟ ಕೊಟ್ಟಿಲ್ಲ. ಹುಟ್ಟಿದ ದಿನ ಬಿಟ್ಟು ಬಂದಿದ್ದು, ಅಷ್ಟೇ. ಆಮೇಲೆ ಒಂದ್ಸಲನಾದ್ರೂ ಯಾರಾದ್ರೂ ಹೋಗಿ ಮಾತಾಡಿಸಿದ್ವಾ? ಅವನಿಗೆ ಹಸಿವಾದ್ರೆ ಇವಳನ್ನ ಕಾಡದೆ ಇನ್ಯಾರನ್ನ ಕಾಡ್ತಾನೆ?"

ಅಣ್ಣನೆಂದರೆ ಹೆರಿಗೆಯಲ್ಲಿ ಕೂಸಿನ ಹಿಂದೆ ಬಿದ್ದ ಮಾಸು. ಸಮುದ್ರದಲ್ಲಿ ಕಂಬ ನೆಟ್ಟು ಮನೆ ಕಟ್ಟಿಕೊಂಡಿರುವ ಬಾಜೋ ಜನರಲ್ಲಿ ಯಾರೂ ಒಂಟಿಯಾಗಿ ಹುಟ್ಟುವುದಿಲ್ಲ. ಮಗು ಬರುತ್ತದೆ, ಅದರ ಬೆನ್ನಿಗೇ ಅಣ್ಣ ಬರುತ್ತಾನೆ. ಹಿಂದೆ ಬಂದವನು ಅಣ್ಣ ಹೇಗಾದ ಎಂದು ಕೇಳಿದವರಿಗೆ ಮುದುಕಿಯರಿಂದ ಬೈಗುಳ ಬಿಟ್ಟರೆ ಬೇರೆ ಉತ್ತರ ಸಿಕ್ಕಿದ್ದಿಲ್ಲ. ಆ ಮಾಸನ್ನು ತೊಳೆದು, ಉಪ್ಪು ಬೂದಿ ಸವರಿ, ತೆಂಗಿನ ಚಿಪ್ಪಿನ ಎರಡು ಹೋಳುಗಳ ನಡುವೆ ಇಟ್ಟು, ಬಿಳಿ ಬಟ್ಟೆ ಸುತ್ತಿ, ಕಲ್ಲು ಕಟ್ಟಿ, ತಂದೆಯಾದವನು ನೀರಿಗಿಳಿದು ಹವಳದ ಬುಡದಲ್ಲಿ ಇಟ್ಟು ಬರಬೇಕು. ತಂಗಿ ಮೇಲೆ ಬದುಕುತ್ತಾಳೆ, ಅಣ್ಣ ಕೆಳಗೆ ಕಾಯುತ್ತಾನೆ. ತಂಗಿಗೆ ಮೈ ಬಿಸಿಯಾದರೆ ಅಣ್ಣನಿಗೆ ಏನೋ ಕೊರತೆಯಾಗಿದೆ ಎಂದೇ ಲೆಕ್ಕ.

ಜುಮ್ರಿಯಾಳ ಗಂಡ ಸಮುದ್ರಸೌತೆಯೆಂಬ ಕಡಲಜೀವಿ ಹಿಡಿಯುವ ಹಡಗಿನಲ್ಲಿ ಮೂರು ತಿಂಗಳಿಗೆಂದು ಹೋದವನು ಇನ್ನೂ ಬಂದಿರಲಿಲ್ಲ. ಹಾಗಾಗಿ ಅಣ್ಣನನ್ನು ನೀರಿಗೆ ಬಿಟ್ಟವನು ಅಜ್ಜನಾದ ಕಹಾರ್. ಜಾಗ ಗೊತ್ತಿದ್ದದ್ದೂ ಅವನೊಬ್ಬನಿಗೇ. ಊರಿನ ನರ್ಸಮ್ಮ ಕೆಂಪು ಔಷಧಿ ಕೊಟ್ಟಿದ್ದಳು. ನಾಳೆ ಬೆಳಗಿನ ಹಡಗಿಗೆ ಕೂಸನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುವುದೆಂದೂ ನಿಶ್ಚಯವಾಗಿತ್ತು. ಅಷ್ಟರೊಳಗೆ ಅಣ್ಣನನ್ನು ಒಮ್ಮೆ ಸಮಾಧಾನ ಮಾಡಿ ಬಾ ಎಂಬುದು ಮಗಳ ಬೇಡಿಕೆ. ಬಾಳೆ ಎಲೆಯಲ್ಲಿ ಹಳದಿ ಅನ್ನ, ಮೊಟ್ಟೆ, ವೀಳ್ಯ ಕಟ್ಟಿ ಆಗಲೇ ಸಿದ್ಧವಾಗಿ ಇಟ್ಟಿದ್ದಳು.

"ಹೇಗೂ ಇವತ್ತು ಅತಿಥಿಗಳನ್ನ ಆ ಕಡೆ ಹವಳದ ದಿಬ್ಬಕ್ಕೆ ಕರ್ಕೊಂಡು ಹೋಗ್ತೀನಿ," ಎಂದ ಕಹಾರ್.

"ಟೂರಿಸ್ಟ್‌ಗಳನ್ನ ಕಟ್ಕೊಂಡು ಅಣ್ಣನ ಹತ್ರ ಹೋಗ್ತೀಯಾ?"

"ಅವರ ಪಾಡಿಗೆ ಅವರು ಮೀನು ನೋಡ್ತಾರೆ ಕಣೇ. ನನ್ನ ಪಾಡಿಗೆ ನಾನು ಕೊಟ್ಟು ಬರ್ತೀನಿ. ನಮ್ಮ ದೋಣಿ ಇಂಜಿನ್ ಕೆಟ್ಟು ಕೂತಿದೆ. ಹುಟ್ಟು ಹಾಕ್ಕೊಂಡು ಹೋದ್ರೆ ಸಂಜೆ ಆಗತ್ತೆ."

ಜುಮ್ರಿಯಾ ಎದುರಾಡಲಿಲ್ಲ. ಸ್ವಾಮಿಕಾರ್ಯದ ಜೊತೆ ಸ್ವಕಾರ್ಯವೂ ಆಗುತ್ತದೆಂದು ಕಹಾರ್ ಎಲೆಕಟ್ಟನ್ನು ಚೀಲಕ್ಕಿಟ್ಟುಕೊಂಡು ಹೊರಟ. ಅವನ ತಪ್ಪು ಇಷ್ಟೇ. ಕೇಳುವವರಿಗೆ ಇದು ತಪ್ಪೆಂದೂ ಅನ್ನಿಸಲಿಕ್ಕಿಲ್ಲ.

ಕಹಾರ್ ಹದಿನಾಲ್ಕು ವರ್ಷಗಳಿಂದ ಸ್ನಾರ್ಕೆಲ್ ಗೈಡ್, ಅಂದರೆ ಕಣ್ಣಿಗೆ ಮುಖಗನ್ನಡಿ, ಬಾಯಿಗೆ ಉಸಿರುಕೊಳವೆ ತೊಡಿಸಿ ಸಮುದ್ರದೊಳಗನ್ನು ತೋರಿಸುವವನು. ದಡದ ಮೇಲಿನ ವಸತಿಗೃಹದ ಅತಿಥಿಗಳನ್ನು ಬೆಳಿಗ್ಗೆ ಎಂಟಕ್ಕೆ ದೋಣಿ ಹತ್ತಿಸಿ, ಮೂರು ಹವಳದ ದಿಬ್ಬ ತೋರಿಸಿ, ನಡುವೆ ಮರಳ ದಂಡೆಯ ಮೇಲೆ ಸುಟ್ಟ ಮೀನಿನ ಊಟ ಹಾಕಿಸಿ, ಮೂರೂವರೆಗೆ ವಾಪಸು ತಂದು ಬಿಡುವುದು ಅವನ ಕೆಲಸ. ಅಂದು ಮೂವರಿದ್ದರು. ಮನಾಡೋ ಪಟ್ಟಣದಿಂದ ಬಂದಿದ್ದ ಹೊಸ ಜೋಡಿ ಫ್ರಿಟ್ಸ್ ಮತ್ತು ಮೆಸ್ಕೆ. ಇನ್ನೊಬ್ಬರು ಮಲಾಂಗ್ ಊರಿನ ನಿವೃತ್ತ ಶಾಲಾ ಶಿಕ್ಷಕಿ ಲಸ್ತ್ರಿ. ಅರವತ್ತು ದಾಟಿದ್ದರೂ ನೆಟ್ಟಗೆ ನಿಲ್ಲುವ ಹೆಂಗಸು. ಇಂಜಿನ್ ಹತ್ತಿರ ಕಹಾರನ ಹೆಂಡತಿಯ ತಮ್ಮ, ತಮ್ಮೂ ಎಂಬವನು. ಅಕ್ಕ ತೀರಿಕೊಂಡು ಆರು ವರ್ಷವಾದರೂ ಭಾವನನ್ನು ಕೆಣಕುವ ಹಕ್ಕನ್ನು ತಮ್ಮೂ ಬಿಟ್ಟುಕೊಟ್ಟಿರಲಿಲ್ಲ.

ದೋಣಿ ಬಿಡುವ ಮುನ್ನ ಕಹಾರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಶುರುವಾಯ್ತು ನೋಡಿ ಶುಕ್ರವಾರದ ಉಪದೇಶ," ಎಂದ ತಮ್ಮೂ. "ಅಮ್ಮಾ, ಕೈಕಾಲು ಚಾಚ್ಕೊಂಡು ಕೂತ್ಕೊಳ್ಳಿ, ನಮ್ಮ ಭಾವ ಬಾಯಿ ತೆಗೆದ್ರೆ ಉಬ್ಬರ ಇಳಿಯೋವರೆಗೂ ಮುಚ್ಚಲ್ಲ."

"ನೀನು ಬಾಯಿ ಮುಚ್ಚು, ಇಂಜಿನ್‌ಗಿಂತ ಹೆಚ್ಚು ಹೊಗೆ ನಿಂದೇ," ಎಂದು ಕಹಾರ್ ಅತಿಥಿಗಳ ಕಡೆ ತಿರುಗಿದ. "ಮೂರೇ ಮಾತು. ಒಂದು, ಹವಳದ ಮೇಲೆ ಕಾಲಿಡಬೇಡಿ. ಎರಡು, ಆಮೆ ಮುಟ್ಟಬೇಡಿ. ಮೂರು, ನೀರಲ್ಲಿ ಕಸ ಕಂಡ್ರೆ ಬಿಟ್ಟು ಬರಬೇಡಿ. ಪ್ಲಾಸ್ಟಿಕ್ಕು, ಬಟ್ಟೆ, ಹಗ್ಗ, ಮನುಷ್ಯ ಹಾಕಿದ್ದು ಏನೇ ಇದ್ರೂ ಎತ್ಕೊಂಡು ಬನ್ನಿ. ಸಮುದ್ರ ನಮ್ಮ ತಾಯಿ. ತಾಯಿ ಮಡಿಲಲ್ಲಿ ಕಸ ಬಿಡೋ ಮಕ್ಕಳಾಗಬಾರದು."

ಈ ಮೂರನೆಯ ಮಾತು ಕಹಾರನದೇ ಸ್ವಂತ. ಎಲ್ಲ ದೇಶದ ಜನರೂ ಇದಕ್ಕೆ ತಲೆದೂಗಿದ್ದರು. ವಸತಿಗೃಹದವರು ಬಣ್ಣದಲ್ಲಿ ಬರೆಸಿ ಜಗಲಿಯಲ್ಲಿ ತೂಗುಹಾಕಿದ್ದರು. ಹೇಳುವಾಗಲೆಲ್ಲ ಅವನಿಗೆ ಒಳಗೊಳಗೇ ಹೆಮ್ಮೆ. ಅಂದು ಮನಸ್ಸು ಕೂಸಿನ ಹತ್ತಿರವೇ ಇದ್ದರೂ ಮಾತು ರೂಢಿಯಿಂದ ತಾನಾಗಿ ಬಂತು.

"ಎತ್ಕೊಂಡು ಬಂದ್ರೆ ಎಷ್ಟು ಮಾರ್ಕು, ಪಾಕ್ ಕಹಾರ್?" ಎಂದು ಹೆಸರಿನ ಮೊದಲು ಗೌರವದ ಪಾಕ್ ಸೇರಿಸಿ ಲಸ್ತ್ರಿ ನಕ್ಕರು. ಬಲೆಚೀಲವೊಂದನ್ನು ಆಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಮೊದಲನೆಯ ದಿಬ್ಬದಲ್ಲಿ ಒಂದು ಗಂಟೆ ಕಳೆಯಿತು. ಕಹಾರ್ ಆಮೆ ತೋರಿಸಿದ, ಕಲ್ಲಿನ ಸಂದಿಯಲ್ಲಿದ್ದ ಹಾವುಮೀನು ತೋರಿಸಿದ, ನೀರು ಕುಡಿದು ಕೆಮ್ಮಿದ ಮೆಸ್ಕೆಯ ಬೆನ್ನು ತಟ್ಟಿದ. ಲಸ್ತ್ರಿ ಮಾತ್ರ ಹೇಳಿಸಿಕೊಳ್ಳಲೇ ಇಲ್ಲ. ಹುಡುಗಿಯಾಗಿದ್ದಾಗ ಈಜಿನ ಪಂದ್ಯಗಳಲ್ಲಿ ಗೆದ್ದವರಂತೆ. ಎರಡಾಳು ಆಳಕ್ಕೆ ಸಲೀಸಾಗಿ ಇಳಿದು, ಬಾಟಲಿಯೊಂದನ್ನು ಎತ್ತಿ ತಂದು ಚೀಲಕ್ಕೆ ಹಾಕಿದರು.

"ಭಾವ, ನಿನ್ನ ಕೆಲಸಕ್ಕೆ ಸಂಚಕಾರ," ಎಂದ ತಮ್ಮೂ.

ಎರಡನೆಯ ದಿಬ್ಬ ತಲುಪಿದಾಗ ಹನ್ನೊಂದು ಗಂಟೆ. ಕಹಾರ್ ಉಪಾಯವಾಗಿ ದೋಣಿಯನ್ನು ಈಚೆ ಬದಿಗೇ ನಿಲ್ಲಿಸಿ, ಬಣ್ಣದ ಮೀನು ಹೆಚ್ಚಿರುವ ಕಡೆಗೆ ಮೂವರನ್ನೂ ಬಿಟ್ಟ. ಆಮೇಲೆ ಎಲೆಕಟ್ಟನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಒಬ್ಬನೇ ಆಚೆ ತುದಿಗೆ ಈಜಿದ. ಮೇಜಿನಂತೆ ಚಪ್ಪಟೆಯಾಗಿ ಬೆಳೆದ ಹವಳದ ಅಡಿಯಲ್ಲಿ, ಅವನು ಇಟ್ಟಲ್ಲೇ, ಅಣ್ಣನಿದ್ದ. ಬಿಳಿ ಬಟ್ಟೆಗೆ ಪಾಚಿ ಹತ್ತಿತ್ತು. ಕಹಾರ್ ಎಲೆ ಬಿಡಿಸಿ ಅನ್ನ ಇಟ್ಟ. ಚಿಕ್ಕ ಮೀನುಗಳು ಮುತ್ತಿಕೊಂಡವು. ಒಳ್ಳೆಯ ಸೂಚನೆ ಎಂದುಕೊಂಡ. ತಡವಾಯಿತು ಮಗಾ, ಸಿಟ್ಟು ಮಾಡಬೇಡ, ತಂಗಿಯನ್ನು ಬಿಟ್ಟುಕೊಡು ಎಂದು ಉಸಿರು ಕಟ್ಟುವವರೆಗೂ ಮನಸ್ಸಿನಲ್ಲಿ ಬೇಡಿಕೊಂಡ. ಮೇಲೆ ಬಂದಾಗ ಮೂರು ದಿನಗಳಲ್ಲಿ ಮೊದಲ ಬಾರಿಗೆ ಅವನಿಗೆ ಸ್ವಲ್ಪ ಧೈರ್ಯ ಬಂದಿತ್ತು.

ಅತಿಥಿಗಳು ಗೈಡ್ ಹೋದ ಕಡೆಗೇ ಹೋಗುತ್ತಾರೆ. ಹಾಗೆ ಹೋಗಿ ಎಂದು ಹೇಳಿಕೊಡುವವನೂ ಗೈಡೇ. ಲಸ್ತ್ರಿ ಅವನ ಹಿಂದೆಯೇ ಬಂದು ಸ್ವಲ್ಪ ದೂರದಲ್ಲಿ ನೀರಿನ ಮೇಲೆ ಬೋರಲಾಗಿ ತೇಲುತ್ತಿದ್ದರು. ಅವರನ್ನು ನೋಡಿ ಕಹಾರ್ ಏನಾದರೂ ಹೇಳುವಷ್ಟರಲ್ಲಿ ಈಚೆಯಿಂದ ಮೆಸ್ಕೆಯ ಕಿರುಚಾಟ ಕೇಳಿತು. ಕಾಲು ಸೆಟೆದುಕೊಂಡಿತ್ತು, ಗಂಡ ಹಿಡಿಯಲು ಹೋಗಿ ತಾನೂ ಮುಳುಗೇಳುತ್ತಿದ್ದ. ಕಹಾರ್ ಓಡುವವನಂತೆ ಈಜಿ ಹುಡುಗಿಯನ್ನು ದೋಣಿಗೆ ಎಳೆದು ತಂದು, ಕಾಲು ನೀವಿ, ಸಮಾಧಾನ ಹೇಳಿದ.

ಆಗ ಲಸ್ತ್ರಿ ದೋಣಿಯ ಅಂಚಿಗೆ ಬಂದರು. ಏದುಸಿರಿನಲ್ಲೂ ಮುಖದ ತುಂಬ ನಗು.

"ನೋಡಿ ಪಾಕ್ ಕಹಾರ್! ನೀವು ಅಷ್ಟೊತ್ತು ಇದನ್ನೇ ಬಿಡಿಸೋಕೆ ನೋಡ್ತಿದ್ರಲ್ಲ, ಅಷ್ಟರಲ್ಲಿ ಹೊರಟುಹೋದ್ರಿ. ನಾನು ತಂದೆ!"

ಬಾಟಲಿಯ ಜೊತೆ ಬಲೆಚೀಲದಲ್ಲಿ ಪಾಚಿ ಹಿಡಿದ ಬಟ್ಟೆ. ಕಲ್ಲು ಕಳಚಿ ಬಿದ್ದಿತ್ತು. ಚಿಪ್ಪಿನ ಹೋಳುಗಳು ಬೇರೆಬೇರೆಯಾಗಿದ್ದವು. ಒಳಗೆ ಏನೂ ಇರಲಿಲ್ಲ.

ತಮ್ಮೂ ಇಂಜಿನ್ ಮೇಲಿಟ್ಟಿದ್ದ ಕೈ ತೆಗೆದ. ಕಹಾರ್ ಗಡಿಯಾರ ನೋಡಿದ. ಯಾಕೆ ನೋಡಿದನೋ ಅವನಿಗೇ ತಿಳಿಯದು. ಹನ್ನೊಂದೂವರೆ.

"ಅದು ಕಸ ಅಲ್ಲ, ಅಮ್ಮಾ," ಎಂದ. ದನಿ ತನ್ನದಲ್ಲ ಅನ್ನಿಸಿತು. "ಅದು ನಮ್ಮನೆಯದು."

ಬೈಯಬೇಕೆಂದರೂ ಯಾರನ್ನು ಬೈಯುವುದು? ಬಟ್ಟೆ, ಹಗ್ಗ, ಮನುಷ್ಯ ಹಾಕಿದ್ದು ಏನೇ ಇದ್ದರೂ ಎಂದವನು ತಾನೇ. ಚೀಲ ಕಿತ್ತುಕೊಂಡು ನೀರಿಗೆ ಹಾರಿದ. ಹೋಳುಗಳನ್ನು ಕೂಡಿಸಿ, ಹರಿದ ಬಟ್ಟೆ ಸುತ್ತಿ, ಮುಖಗನ್ನಡಿಯ ಪಟ್ಟಿಯನ್ನೇ ಬಿಚ್ಚಿ ಬಿಗಿದು, ಬೇರೆ ಕಲ್ಲು ಹೇರಿ ಅದೇ ಜಾಗಕ್ಕೆ ಇಟ್ಟ. ಬರಿಗಣ್ಣಿಗೆ ಉಪ್ಪುನೀರು ಉರಿಯಿತು. ನಾಲ್ಕು ಬಾರಿ ಮುಳುಗಿದ. ಖಾಲಿ ಚಿಪ್ಪಿಗೆ ಕ್ಷಮೆ ಕೇಳಿದರೆ ಅದು ಯಾರಿಗೆ ತಲುಪುತ್ತದೆಂದು ಅವನಿಗೆ ಯಾವ ಮುದುಕಿಯೂ ಹೇಳಿಕೊಟ್ಟಿರಲಿಲ್ಲ.

ದಿನ ಅಲ್ಲಿಗೆ ಮುಗಿಯಲಿಲ್ಲ. ಊಟವಾಗಬೇಕಿತ್ತು, ಮೂರನೆಯ ದಿಬ್ಬವೂ ಇತ್ತು. ಮರಳ ದಂಡೆಯ ಮೇಲೆ ಕಹಾರ್ ಮೀನು ಸುಟ್ಟ, ಖಾರದ ಚಟ್ನಿ ಬಡಿಸಿದ, ಫ್ರಿಟ್ಸ್ ಕೇಳಿದ ಹಾಗೆಲ್ಲ ನಿಂತು ಫೋಟೋ ತೆಗೆದುಕೊಟ್ಟ. ಅತ್ತ ತಮ್ಮೂ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದ. ಲಸ್ತ್ರಿ ತಟ್ಟೆ ಬಿಟ್ಟು ಎದ್ದು ಬಂದರು.

"ನಾನೇನು ಮಾಡ್ಲಿ ಹೇಳಿ. ಏನಾದ್ರೂ ಪರಿಹಾರ ಇದ್ರೆ..."

"ಊಟ ಮಾಡಿ, ಅಮ್ಮಾ. ನೀವು ನಾನು ಹೇಳಿದ್ದನ್ನೇ ಮಾಡಿದ್ರಿ."

ಅವರು ಅಲ್ಲೇ ಮರಳಿನ ಮೇಲೆ ಕೂತು ಅತ್ತರು. ಕಹಾರನಿಗೆ ಅಳು ಬರಲಿಲ್ಲ. ಎದೆಯೊಳಗೆ ಒಂದೇ ಪ್ರಶ್ನೆ ಗಾಣದೆತ್ತಿನಂತೆ ಸುತ್ತುತ್ತಿತ್ತು: ಹನ್ನೊಂದೂವರೆಗೆ ಕೂಸು ಹೇಗಿತ್ತು?

ಮೂರನೆಯ ದಿಬ್ಬದಲ್ಲಿ ಮೆಸ್ಕೆಗೆ ಆಮೆಯ ಮರಿ ಕಾಣಿಸಿ ಅವಳು ಸಂತೋಷಕ್ಕೆ ಚಪ್ಪಾಳೆ ತಟ್ಟಿದಳು. ಕಹಾರ್ ನಕ್ಕ. ನಗುವುದೂ ಅವನ ಕೆಲಸದಲ್ಲೇ ಸೇರಿತ್ತು.

ಅತಿಥಿಗಳನ್ನು ವಸತಿಗೃಹದ ದಡಕ್ಕಿಳಿಸಿ ವಾಪಸು ಬರುವಾಗ ಊರಿನ ಮರದ ಸೇತುವೆಯ ಮೇಲೆ ಗಂಡಸರು ಟೋಪಿ ಹಾಕಿಕೊಂಡು ಗುಂಪಾಗಿ ನಿಂತಿದ್ದು ದೂರದಿಂದಲೇ ಕಂಡಿತು. ತಮ್ಮೂ ಇಂಜಿನ್ ನಿಲ್ಲಿಸಿದ.

ಮನೆಯೊಳಗೆ ಕೂಸನ್ನು ಮೀಯಿಸಿ ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರು. ಜುಮ್ರಿಯಾ ಪಕ್ಕದಲ್ಲಿ ಕೂತಿದ್ದಳು. ಅಪ್ಪನನ್ನು ನೋಡಿ ಅವಳು ಅವನ ಕೈ ಹಿಡಿದು ಮಾತಾಡಿದಳು.

"ದೋಣಿ ಕಳಿಸಿ ನಿನ್ನ ಕರೆಸ್ತೀವಿ ಅಂದ್ರು. ನಾನೇ ಬೇಡ ಅಂದೆ. ಅಪ್ಪ ಅಣ್ಣನ ಹತ್ರ ಹೋಗಿದಾರೆ, ಅರ್ಧದಲ್ಲಿ ಎಬ್ಬಿಸಬೇಡಿ ಅಂದೆ."

"ಎಷ್ಟು ಹೊತ್ತಿಗೆ?" ಎಂದು ಕೇಳಿದ ಕಹಾರ್.

"ಏನು?"

"ಎಷ್ಟು ಹೊತ್ತಿಗೆ ಹೋಯ್ತು?"

"ನೀನು ಹೋದ ಸ್ವಲ್ಪ ಹೊತ್ತಿಗೆ. ಒಂಬತ್ತಕ್ಕೆ."

"ಒಂಬತ್ತಕ್ಕಾ? ಸರಿಯಾಗಿ ಗೊತ್ತಾ? ಹನ್ನೊಂದರ ಮೇಲಲ್ವಾ?"

"ನರ್ಸಮ್ಮ ಗಡಿಯಾರ ನೋಡಿ ಬರ್ಕೊಂಡ್ಳು. ಒಂಬತ್ತೂ ಹತ್ತು."

ಕಹಾರನ ಎದೆ ಸಡಿಲವಾಯಿತು. ಬೆಳಗಿನಿಂದ ಕಟ್ಟಿಟ್ಟಿದ್ದ ಉಸಿರು ದೊಡ್ಡದಾಗಿ ಹೊರಗೆ ಬಂತು. ಹಾಗಾದರೆ ತನ್ನಿಂದಲ್ಲ. ಚಿಪ್ಪು ನೀರಿನಿಂದ ಮೇಲೇಳುವ ಮೊದಲೇ ಕೂಸು ಹೋಗಿತ್ತು. ಆ ಅನ್ನ, ಆ ಬೇಡಿಕೆ, ಆ ಕ್ಷಮೆ ಎಲ್ಲವೂ ಎಲ್ಲ ಮುಗಿದ ಮೇಲಿನದು. ಮೊಮ್ಮಗಳ ಹೆಣದ ಮುಂದೆ ಅವನಿಗೆ ಮೊದಲು ಬಂದದ್ದು ನೆಮ್ಮದಿ. ಅದು ಗೊತ್ತಾದ ಕ್ಷಣವೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೆ ಉಸಿರು ಆಗಲೇ ಹೊರಬಿದ್ದಿತ್ತು, ಜುಮ್ರಿಯಾ ಅದನ್ನು ನೋಡಿದ್ದಳು.

ಅವಳು ಕೈ ಬಿಟ್ಟಳು.

"ಏನಪ್ಪಾ ಅದು? ನಿನಗೇನೋ ಹಗುರ ಆಯ್ತು ಈಗ."

"ಏನಿಲ್ಲಮ್ಮ."

"ನಿನ್ನ ಮುಖ ನಾನು ಹುಟ್ಟಿದಾಗಿಂದ ನೋಡ್ತಿದೀನಿ. ಹೇಳು."

ಅವನು ಹೇಳಿದ. ಕೂಸಿನ ಕಾಲ ಹತ್ತಿರ ಕೂತು ಲಸ್ತ್ರಿ, ಬಲೆಚೀಲ, ಖಾಲಿ ಚಿಪ್ಪು, ತನ್ನ ಭಾಷಣದ ಮೂರನೆಯ ಮಾತು ಯಾವುದನ್ನೂ ಮುಚ್ಚಿಡದೆ ಹೇಳಿದ. ಅವಳು ಬೈಯಲಿಲ್ಲ. ಟೂರಿಸ್ಟ್‌ಗಳ ಜೊತೆ ಹೋಗ್ತೀಯಾ ಎಂದು ಬೆಳಿಗ್ಗೆಯೇ ಕೇಳಿದ್ದೆನಲ್ಲ ಎಂದೂ ಹೇಳಲಿಲ್ಲ. ಪೂರ್ತಿ ಕೇಳಿಸಿಕೊಂಡಳು.

ಹೊರಗೆ ಯಾರೋ ಕೆಮ್ಮಿದರು. ಸಂಜೆಯೊಳಗೆ ಮಣ್ಣು ಮಾಡಬೇಕು. ಗೋರಿಗಳಿರುವ ದ್ವೀಪಕ್ಕೆ ದೋಣಿಯಲ್ಲಿ ಹೋಗಬೇಕು.

"ಒಂಬತ್ತಕ್ಕೆ ಹೋಯ್ತು, ಅದಕ್ಕೆ ನೀನು ಹೇಳ್ದೆ," ಎಂದಳು ಜುಮ್ರಿಯಾ. "ಹನ್ನೆರಡಕ್ಕೆ ಹೋಗಿದ್ದಿದ್ರೆ, ನನಗೆ ಹೇಳ್ತಿದ್ಯಾ?"

ಹೌದು ಎನ್ನಲು ಅವನು ಬಾಯಿ ತೆರೆದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದ.

ಹೊರಗಿನಿಂದ ತಮ್ಮೂ ಹೊತ್ತಾಯಿತೆಂದು ಮೆಲ್ಲಗೆ ಕರೆದ. ಜುಮ್ರಿಯಾ ಕೂಸನ್ನು ಎತ್ತಿ, ಹಣೆಗೆ ಮುತ್ತಿಟ್ಟು, ಇನ್ನೂ ಉತ್ತರಕ್ಕೆ ಕಾಯುತ್ತಲೇ ಅದನ್ನು ಅವನ ಕೈಗೆ ಕೊಟ್ಟಳು.