ಚಿಲಕ ಯಾವ ಕಡೆ

ನಮ್ಮ ಬೇಲಿಗೆ ಜನ ಕೈ ಮುಗಿಯೋದನ್ನ ನಾನು ಮೊದಲು ಕಂಡಿದ್ದು ತೆಂಗಿಗೆ ನುಸಿ ರೋಗ ಬಂದ ವರ್ಷ. ಕಾರ್ತೀಕದ ಒಂದು ಸೋಮವಾರ ಬೆಳಿಗ್ಗೆ ತೋಟದಲ್ಲಿ ಬಿದ್ದ ಗರಿ ಎಳೆದು ಹಾಕ್ತಿದ್ದೆ. ಕೆರೆ ಕಡೆ ಮುಳ್ಳುತಂತಿಯಾಚೆ ಎಂಟ್ಹತ್ತು ಜನ ನಿಂತಿದ್ರು. ಹೆಗಲ ಮೇಲೆ ಕಂಬಳಿ, ಬರಿಗಾಲು. ಒಬ್ಬ ಅಜ್ಜಿ ಕಂಕುಳಲ್ಲಿ ಒಂದು ಹೆಣ್ಣುಮಗು, ಅದರ ಕೂದಲು ಕಣ್ಣು ಮುಚ್ಚೋ ಹಂಗೆ ಬೆಳೆದಿತ್ತು. ಬೇಲಿಯ ಕಲ್ಲುಕಂಬದ ಬುಡಕ್ಕೆ ಕಾಯಿ ಒಡೆದ್ರು, ತೋಟದ ಒಳಗೆ ನೋಡ್ತಾ ಕೈ ಮುಗಿದ್ರು, ಹೊರಟೋದ್ರು. ಅಯ್ಯೋ ಶಿವನೆ, ಇವರು ಪೂಜೆ ಮಾಡಿದ್ದು ನಮ್ಮ ತೆಂಗಿನ ಮರಕ್ಕೋ, ಮುಳ್ಳುತಂತಿಗೋ?

ನಾನು ದಬ್ಬೇಘಟ್ಟದವಳು. ಕಂದಿಕೆರೆಗೆ ಸೊಸೆಯಾಗಿ ಬಂದು ಬಹಳ ದಿನ ಆಗಿರ್ಲಿಲ್ಲ, ಆದ್ರೆ ಬಾಯಿನೇನೂ ತವರಲ್ಲಿ ಬಿಟ್ಟು ಬಂದಿರ್ಲಿಲ್ಲ. ನಮ್ಮೆಜಮಾನ್ರು ಈರಣ್ಣನೋರ್ನ ಕೇಳಿದೆ. ಕೆರೆಯಾಚೆ ಗೊಲ್ಲರಹಟ್ಟಿಯ ಕಾಡುಗೊಲ್ಲರು ಕಣೇ, ಕುರಿ ಸಾಕೋ ಜನ, ವರ್ಷಾವರ್ಷ ಬತ್ತಾರೆ ಹೋಯ್ತಾರೆ, ಬುಡು ಅಂದ್ರು. ಬುಡು ಅಂದ್ರೆ ಬುಡೋ ಪೈಕಿ ಅಲ್ಲ ನಾನು. ಅವರು ನೋಡ್ತಿದ್ದ ದಿಕ್ಕು ಹಿಡ್ಕೊಂಡು ನಡೆದೆ. ಅಲ್ಲಿದ್ದದ್ದು ಒಂದು ಹಳೇ ನೇರಳೆ ಮರ, ಅದರ ಬುಡದಲ್ಲಿ ಕಾಯಿ ಸುಲಿದು ನಾವು ಎಸೆದ ಮಟ್ಟೆ ರಾಶಿ. ಸೀರೆ ಎತ್ತಿಕಟ್ಟಿ ಮಟ್ಟೆ ಎಲ್ಲ ಬಳಿದು ಹಾಕಿದೆ. ಕೆಳಗೆ ಮೂರು ಕಲ್ಲು ಸಾಲಾಗಿ ನಿಂತಿದ್ವು, ಯಾವ ಕಾಲದ್ದೋ ಎಣ್ಣೆ ಕುಡಿದು ಕಪ್ಪಗಾಗಿದ್ವು.

ಅತ್ತೆ ಚಿಕ್ಕಗೌರಮ್ಮ ಜಗುಲಿ ಮೇಲೆ ರಾಗಿ ಕೇರ್ತಿದ್ರು. ಕಲ್ಲಿನ ಸುದ್ದಿ ಹೇಳಿದ್ದೇ ಮೊರ ಕೆಳಗಿಟ್ಟರು. ಅವರು ಹೇಳಿದ್ದು ಇಷ್ಟು: ತೋಟ ಆಗೋಕೆ ಮುಂಚೆ ಅದು ಗೊಲ್ಲರ ಹಟ್ಟಿ. ಮುಳ್ಳುಬೇಲಿ, ಗುಡ್ಲು, ಕುರಿರೊಪ್ಪ ಎಲ್ಲ ಅಲ್ಲೇ ಇತ್ತು. ಅವರ ಕೈಲಿ ಕಾಗದ ಪತ್ರ ಇರ್ಲಿಲ್ಲ. ನಮ್ಮ ಮಾವನೋರು ಜಮೀನಿಗೆ ಸರ್ಕಾರಕ್ಕೆ ದರಖಾಸ್ತು ಹಾಕಿ ಮಂಜೂರು ಮಾಡಿಸ್ಕೊಂಡ್ರು. ಅವರು ಗುಡ್ಲು ಕಿತ್ಕೊಂಡು ಗುಡ್ಡದ ಬುಡಕ್ಕೆ ಹೋದ್ರು, ದೇವರ ಕಲ್ಲು ಇಲ್ಲೇ ಉಳೀತು. ನೇರಳೆ ಮರದ ಪಕ್ಕದ ಸಾಲಲ್ಲಿ ಕಾಯಿ ಜೋತುಬಿದ್ದಂಗೆ ಹಿಡಿಯೋದು ಯಾಕೆ ಅಂದ್ಕೊಂಡಿದ್ದೀಯ, ಅಲ್ಲಿರೋದೆಲ್ಲ ಅವರ ಕುರಿ ಗೊಬ್ಬರ ಅಂದ್ರು. ನಾವು ದಿನಾ ಹಳೇಹಟ್ಟಿ ತೋಟ, ಹಳೇಹಟ್ಟಿ ತೋಟ ಅಂತೀವಿ. ಯಾರ ಹಟ್ಟಿ ಅಂತ ಕೇಳಿದ ಮೊದಲನೇಳು ನೀನೇ ಅಂತ ಮತ್ತೆ ಮೊರ ಎತ್ಕೊಂಡ್ರು.

ನನಗೆ ತಡೀಲಿಲ್ಲ. ನಮ್ಮ ದಬ್ಬೇಘಟ್ಟದ ಕಡೆ ಮುನಿಸಿಕೊಂಡ ನೆಂಟರ ಮನೆಗೆ ಕೋಳಿ ಹಿಡ್ಕೊಂಡು ಹೋದ್ರೆ ಅರ್ಧ ಮುನಿಸು ಬಾಗಿಲಲ್ಲೇ ಇಳಿಯುತ್ತೆ. ನಮ್ಮ ಕೆಂದ ಹ್ಯಾಟೆ ಕೋಳಿ ಕಾಲು ಕಟ್ಟಿ ಕಂಕುಳಲ್ಲಿಟ್ಕೊಂಡು ಕೆರೆ ಏರಿ ಮೇಲೆ ಹೊರಟೆ. ಹಟ್ಟಿಯ ಮುಳ್ಳುಬೇಲಿ ಹತ್ತಿರ ಹೋಗ್ತಿದ್ದಂಗೆ ಹೆಂಗಸರು ಕೈ ಎತ್ಕೊಂಡು ಓಡಿ ಬಂದ್ರು. ಆಹಾ, ಎಷ್ಟು ಪ್ರೀತಿ ಅಂದ್ಕೊಂಡೆ. ಅವರು ಓಡಿ ಬಂದದ್ದು ನನ್ನನ್ನ ತಡೆಯೋಕೆ. ಆ ಹಟ್ಟಿ ಒಳಗೆ ಕೋಳಿ ಬರಂಗೇ ಇಲ್ಲ, ಅವರ ದೇವರಿಗೆ ಆಗಿಬರಲ್ಲ. ಕಾಲಲ್ಲಿದ್ದ ಚಪ್ಪಲೀನೂ ಬರಂಗಿಲ್ಲ. ನಾನು ಎರಡೂ ತಗೊಂಡು ಇಂಗು ತಿಂದ ಮಂಗನ ಹಂಗೆ ನಿಂತಿದ್ದೆ, ಕಂಕುಳಲ್ಲಿ ಹ್ಯಾಟೆ ಕೊಕ್ಕೊಕ್ಕೊ ಅಂತಿತ್ತು.

ಬೇಲಿ ಹತ್ರ ಕಂಡಿದ್ದ ಅಜ್ಜಿ ಮುಂದೆ ಬಂದಳು, ಹೆಸರು ಕಲ್ಲಮ್ಮ. ಕಣ್ಣಲ್ಲಿ ನೀರು ಬರೋ ತನಕ ನಕ್ಕಳು. ಹ್ಯಾಟೆನ ದೂರದ ಜಾಲಿ ಮರಕ್ಕೆ ಕಟ್ಟಿಸಿ, ನನ್ನನ್ನ ಹಟ್ಟಿ ಹೊರಗೆ ಕಂಬಳಿ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟಳು. ಮಗು ಅವಳ ಮೊಮ್ಮಗಳು. ಅವರಲ್ಲಿ ಮಗುವಿನ ಮೊದಲ ಕೂದಲು ತೆಗೆಯೋದು ಆ ಮೂರು ಕಲ್ಲಿನ ಮುಂದೆ. ಬೇಲಿ ಬಂದ ಮೇಲೆ ಅವಳ ಮಕ್ಕಳಿಗೆಲ್ಲ ಮುಳ್ಳುತಂತಿ ಹೊರಗೇ ತೆಗೆಸಿದ್ದಂತೆ. ಕೂದಲು ಈ ಕಡೆ ಬಿತ್ತು, ದೇವರು ಆ ಕಡೆ ಉಳೀತು ಅಂದಳು. ಈ ಮಗೂದು ಕಲ್ಲಿನ ಮುಂದೇ ಆಗ್ಬೇಕು, ಇಲ್ದಿದ್ರೆ ಬೆಳೀಲಿ ಬಿಡು ಅಂತ ಹಠ ಹಿಡಿದಿದ್ದಳು. ಮಗು ಕೂದಲ ಸಂದೀಲಿ ನನ್ನೇ ನೋಡ್ತಿತ್ತು.

ಮನೇಲಿ ಕೋಳಿ ಕತೆ ಹೇಳಿದ್ದಕ್ಕೆ ನಮ್ಮೆಜಮಾನ್ರು ಬಿದ್ದು ಬಿದ್ದು ನಕ್ಕರು. ಆ ನಗು ಆರೋದ್ರೊಳಗೆ ಬೇಲಿಗೆ ಒಂದು ಗೇಟು ಇಡಿಸೋಕೆ ಒಪ್ಪಿಸ್ಕೊಂಡೆ. ಚಿಕ್ಕನಾಯಕನಹಳ್ಳಿ ವೆಲ್ಡಿಂಗ್ ಶಾಪಿನ ಜುಲ್ಫಿಕರ್ ಹಸಿರು ಬಣ್ಣ ಬಳಿದು ಗೇಟು ತಂದು ಕೂರಿಸಿದ. ಯಾವ ದಿನ ಬೇಕಾದ್ರೂ ಬನ್ನಿ, ನಾನೇ ತೆಗಿತೀನಿ ಅಂತ ಹಟ್ಟಿಗೆ ಹೇಳಿ ಕಳಿಸಿದೆ. ಒಬ್ರೂ ಬರ್ಲಿಲ್ಲ. ಒಂದು ಸೋಮವಾರ ಕಳೀತು, ಇನ್ನೊಂದೂ ಕಳೀತು. ಕಾರ್ತೀಕ ಮುಗಿಯೋಕೆ ಬಂತು. ನನಗೆ ಮೈಯೆಲ್ಲ ಉರಿದುಹೋಯ್ತು. ಮಾಡಿಕೊಟ್ರೂ ಮೂಗು ಮುರೀತಾರಲ್ಲ ಈ ಜನ ಅಂತ ಮತ್ತೆ ಹಟ್ಟಿಗೆ ಹೋದೆ, ಈ ಸಲ ಕೋಳಿ ಇಲ್ದೆ, ಚಪ್ಪಲಿ ದೂರ ಬಿಟ್ಟು.

ಕಲ್ಲಮ್ಮನ ಗಂಡ ದುರ್ಗಯ್ಯ ಕುರಿ ಬಿಟ್ಕೊಂಡು ಬಂದು ಕೂತಿದ್ದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನಾನು ಮುಗಿಸಿದ ಮೇಲೆ ಅವನು ಕೇಳಿದ:

"ಗೇಟು ನೋಡ್ಕೊಂಡ್ ಬಂದೆ ಗೌಡ್ತಿ, ಚೆನ್ನಾಗೈತೆ. ಚಿಲಕ ಯಾವ ಕಡೆ ಐತೆ?"

"ನಮ್ ಕಡೆ."

"ನೀನಿದ್ರೆ ತೆಗಿತೀಯ. ನಾಳೆ ನಿನ್ನ ಮಗ ತೆಗೀತಾನಾ? ಬೇಲಿ ಹೊರಗೆ ನಿಲ್ಲೋಕೆ ನಾವು ಯಾರನ್ನೂ ಕೇಳಿಲ್ಲ ಕಣವ್ವ. ನಮ್ಮ ದೇವರ ತಾವ ಹೋಗೋಕೆ ಇನ್ನೊಬ್ರ ಅಪ್ಪಣೆ ಕಾಯೋದಾದ್ರೆ, ಹೊರಗೇ ವಾಸಿ."

ಕೆರೆ ಏರಿ ಅರ್ಧ ದಾಟೋವರ್ಗೂ ಅವನನ್ನ ಬೈಕೊಂಡೆ. ಇನ್ನರ್ಧಕ್ಕೆ ಬೈಗುಳ ಖಾಲಿಯಾಯ್ತು. ಕೊಟ್ಟೆ ಕೊಟ್ಟೆ ಅಂತ ಮೆರೀತಿದ್ನಲ್ಲ, ಏನು ಕೊಟ್ಟಿದ್ದೆ ನಾನು? ನಾಚಿಕೆ ಆಯ್ತು.

ರಾತ್ರಿ ಊಟಕ್ಕೆ ಕೂತಾಗ ದುರ್ಗಯ್ಯನ ಮಾತು ಹೇಳಿದೆ. ಈ ಸಲ ನಮ್ಮೆಜಮಾನ್ರು ನಗಲಿಲ್ಲ. ಇವತ್ತು ಮರ ಅಂತಾರೆ, ನಾಳೆ ತೋಟ ಅಂತಾರೆ, ಬೆರಳು ಕೊಟ್ರೆ ಹಸ್ತ ನುಂಗೋ ಕಾಲ, ಗೇಟೂ ಬೇಡ ಏನೂ ಬೇಡ ಅಂತ ಮುದ್ದೆ ತಟ್ಟೆ ದೂಕಿದ್ರು. ನಾನು ಬಾಯಿ ತೆಗೆಯೋಕೆ ಮುಂಚೆ ಅತ್ತೆ ಮಾತಾಡಿದ್ರು. ಅವರು ತೋಟದ ಯವ್ವಾರದಲ್ಲಿ ತಲೆ ಹಾಕಿದೋರೇ ಅಲ್ಲ.

"ತೋಟ ಯಾರ ಹೆಸರಲ್ಲೈತೆ ಈರಣ್ಣ?"

"ನಿನ್ ಹೆಸರಲ್ಲೇ ಐತೆ ಕಣವ್ವ. ಅದಕ್ಕೇನೀಗ?"

"ಹಂಗಾದ್ರೆ ಬೇಲಿ ಕಂಬ ಕಿತ್ತು ನೇರಳೆ ಮರದ ಈಚೆಗೆ ನೆಡ್ಸು."

ಹಂಗೆ ಮಾಡಿದ್ರೆ ನಾಲ್ಕು ತೆಂಗಿನ ಮರ ಆಚೆಗೆ ಹೋಯ್ತಾವೆ, ಒಳ್ಳೆ ಫಲದ ಸಾಲು ಅಂತ ಇವರು ಗೊಣಗಿದ್ರು. ಗೊಬ್ಬರ ಯಾರ್ದು ಅಂತ ಅತ್ತೆ ಕೇಳಿದ್ರು. ಅಲ್ಲಿಗೆ ಮಾತು ಮುಗೀತು.

ಕಂಬ ಸರಿಸಿದ್ವು. ಮರ, ಕಲ್ಲು, ಕೆರೆಗೆ ಹೋಗೋ ದಾರಿ ಎಲ್ಲ ಅವರ ಕಡೆ ಆಯ್ತು. ನಾವು ಕೆರೆಗೆ ಹೋಗ್ಬೇಕಾದ್ರೆ ಅದೇ ಹಸಿರು ಗೇಟು ದಾಟಬೇಕು. ಚಿಲಕ ಆ ಕಡೆ ಹಾಕು ಅಂದಾಗ ಜುಲ್ಫಿಕರ್ ನನ್ನನ್ನ ಮೇಲಿಂದ ಕೆಳಗೆ ನೋಡಿದ. ಅಕ್ಕ, ಆಮೇಲೆ ನೀವೇ ಕಾಯ್ಬೇಕಾಯ್ತದೆ ಅಂದ. ಹಾಕಪ್ಪ ಅಂದೆ. ಹಂಗಂತ ನಾವೇನೋ ಧರ್ಮರಾಯರು ಅಂತ ಜಂಬ ಕೊಚ್ಚಲ್ಲ. ಮಿಕ್ಕ ತೋಟ ಇವತ್ತಿಗೂ ನಮ್ಮದೇ, ಅದರ ಕಾಯಿ ಮಾರೇ ನಾವು ತಿನ್ನೋದು.

ಕಾರ್ತೀಕದ ಕಡೇ ಸೋಮವಾರ ಹಟ್ಟಿಯೋರು ಬಂದ್ರು. ನಾವು ಮೂರೂ ಜನ ಕಾಯಿ, ಬೆಲ್ಲ ಹಿಡ್ಕೊಂಡು ಗೇಟಿನ ತನಕ ಹೋದ್ವು. ಚಿಲಕ ಹಾಕಿತ್ತು. ಮರದ ಕೆಳಗೆ ಹೊಗೆ ಏಳ್ತಿತ್ತು, ಮಗು ಅಳ್ತಿತ್ತು. ಕಂಬಿ ಸಂದೀಲಿ ಕೈ ತೂರಿಸಿ ತೆಗೆಯೋಕೆ ನಮ್ಮೆಜಮಾನ್ರು ಹೊರಟ್ರು. ನಾನು ಕೈ ಹಿಡಿದು ಹಿಂದಕ್ಕೆ ಎಳೆದೆ. ಕಲ್ಲಮ್ಮನ್ನ ಕೂಗಿ, ಬರಬೌದಾ ಅಂತ ಕೇಳಿದೆ. ತಿರುಗಿ ನೋಡಿ, ತಾಳವ್ವ, ಇನ್ನೂ ಆಗಿಲ್ಲ ಅಂದಳು.

ನಿಂತ್ವು. ಬಿಸಿಲು ಏರ್ತಾ ಬಂತು. ನಮ್ಮೆಜಮಾನ್ರು ಆ ಕಾಲಿಂದ ಈ ಕಾಲಿಗೆ ಭಾರ ಬಿಡ್ತಾ, ನಮ್ಮನ್ನ ನಮ್ಮ ತೋಟದಲ್ಲೇ ಎಷ್ಟೊತ್ತು ನಿಲ್ಲಿಸ್ತಾರೆ ಅಂದ್ರು. ಅತ್ತೆ ಮುಗಿದ ಕೈ ಇಳಿಸದೆ ಹೇಳಿದ್ರು:

"ನಿಂತ್ಕೊಳ್ಳಲಾ. ಕಲ್ಲಮ್ಮ ಹಿಂಗೆ ಆ ಕಡೆ ನಿಂತೂ ನಿಂತೂ ಅಜ್ಜಿಯಾದಳು."

ನಮ್ಮೆಜಮಾನ್ರು ಬಗ್ಗಿ ಚಪ್ಪಲಿ ಬಿಚ್ಚಿ ಕಂಬದ ಪಕ್ಕಕ್ಕಿಟ್ಟರು. ಮರದ ಬುಡದಲ್ಲಿ ಮಗುವಿನ ಸೋದರಮಾವ ಮೊದಲ ಕೂದಲು ಕತ್ತರಿಸಿದ, ಅದು ಕಲ್ಲಿನ ಮುಂದೇ ಬಿತ್ತು. ಕಲ್ಲಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡು ಬಂದು ಚಿಲಕ ತೆಗೆದಳು.